ಅಯಸ್ಕಾಂತ ಮುಟ್ಟಿಸಿದ ಮಳೆಗಾಲ

ಕಳೆದ ತಿಂಗಳು ಏನೋ ಕೆಲಸದ ಮೇಲೆ ಜೋಗೇಶ್ವರಿ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಗಲ್ಲಿಗಳಲ್ಲಿ ನಡೆಯುತ್ತಿದ್ದೆ. ಅರ್ಧ ಎಳೆದ ಶಟರೊಂದರ ಒಳಗಿನಿಂದ ಲೇತ್ ಮೇಲೆ ಸುರಿಯುವ ಕಟಿಂಗ್ ಆಯಿಲ್ ವಾಸನೆ ಬಂತು. ಬಿಸಿ ಉಕ್ಕು, ಎಣ್ಣೆ, ಹುಳಿ ಹಿಡಿದ ನೀರು ಮೂರೂ ಕೂಡಿದ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡು ದಾಟಿ ಹೋದರು, ನಾನು ನಿಂತುಬಿಟ್ಟೆ. ಆ ಶಟರು ಒಂದು ಕಾಲಕ್ಕೆ ನಮಗೆ ಲೇತ್ ಕೆಲಸ ಮಾಡಿಕೊಡುತ್ತಿದ್ದ ದಸ್ತಗೀರ್ ಚಾಚಾ ಅವರದಲ್ಲ, ಅದು ನನಗೆ ಗೊತ್ತಿತ್ತು. ಅವರು ವರ್ಕ್‌ಶಾಪನ್ನು ವಸಾಯಿಗೆ ಸಾಗಿಸಿ ಎಷ್ಟೋ ದಿನಗಳಾದವು. ಆದರೂ ಒಳಗಿನಿಂದ ಅವರೇ ಹೊರಗೆ ಬಂದಾರೆಂದು ಒಂದು ಹೆಜ್ಜೆ ಹಿಂದೆ ಸರಿದೆ. ಅವರಿಗೆ ಮುಖ ತೋರಿಸಲು ಇಂದಿಗೂ ನನಗೆ ನಾಚಿಕೆ.

ಅನುಮಾನ ನನಗೆ ಹುಟ್ಟುಗುಣ. ಆಟೋದ ಮೀಟರು ಜಾಸ್ತಿ ಓಡುತ್ತಿದೆ, ಕೊತ್ತಂಬರಿ ಕಟ್ಟಿನ ನಡುವೆ ಹಳದಿ ಎಲೆ ತುರುಕಿದ್ದಾರೆ, ನೋಡಲು ಬರುವ ಹುಡುಗನ ಫೋಟೊ ಐದು ವರ್ಷ ಹಳೆಯದು ಎಂದೆಲ್ಲ ಮೊದಲೇ ಅನ್ನಿಸಿಬಿಡುತ್ತದೆ. ಬಹಳ ಸಲ ಅದು ನಿಜವೂ ಆಗಿದೆ. ತೊಂದರೆ ಇರುವುದೇ ಅಲ್ಲಿ. ಒಂದೆರಡು ಸಲವಾದರೂ ಬಾಲ್ಯದಲ್ಲೇ ಸರಿಯಾಗಿ ಮುಖಭಂಗವಾಗಿದ್ದರೆ ನಾನು ಸುಧಾರಿಸುತ್ತಿದ್ದೆನೇನೋ.

ಈ ಗುಣ ಬಂದದ್ದು ಅಪ್ಪನಿಂದ. ಇಳಕಲ್ಲಿನ ಕಡೆಯಿಂದ ಬಂದ ಅಪ್ಪ ದಹಿಸರ್ ಸ್ಟೇಷನ್ನಿನ ಹೊರಗೆ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿದ್ದರು. ದುಡ್ಡಿನ ಗಲ್ಲೆಯ ಪಕ್ಕದಲ್ಲಿ ಪಾತ್ರೆಯ ಮೇಲೆ ಹೆಸರು ಕೊರೆಯುವ ಮಿಷನ್ನು, ಅದರ ಪಕ್ಕದಲ್ಲಿ ಒಂದು ಅಯಸ್ಕಾಂತ. ಕೆಟ್ಟುಹೋದ ಯಾವುದೋ ಸ್ಪೀಕರಿನಿಂದ ಬಿಚ್ಚಿದ್ದು, ಉದ್ದಿನ ವಡೆಯಷ್ಟು ದಪ್ಪ, ನಡುವೆ ತೂತು. ಹೋಲ್‌ಸೇಲಿನವರು ಮಾಲು ಇಳಿಸಿದ ಕೂಡಲೇ ಅಪ್ಪ ಒಂದೊಂದು ಡಬ್ಬಿಗೂ ಬೋಗುಣಿಗೂ ಅದನ್ನು ಮುಟ್ಟಿಸಿ ನೋಡುತ್ತಿದ್ದರು. ಅಂಟಿದರೆ ಖೋಟಾ ಮಾಲು, ವಾಪಸ್. ಅಂಟದಿದ್ದರೆ ಖರೆ ಸ್ಟೀಲು. ಗಿರಾಕಿಗಳೂ ಅದನ್ನೇ ಕೇಳಿ ತೆಗೆದುಕೊಂಡು ತಾವೂ ಮುಟ್ಟಿಸಿ ನೋಡುತ್ತಿದ್ದರು, ಅಪ್ಪನಿಗೆ ಅದರಲ್ಲಿ ಏನೂ ಅವಮಾನವಿರಲಿಲ್ಲ. ಪರೀಕ್ಷೆ ಮಾಡುವುದು ಆ ಧಂದೆಯ ಮರ್ಯಾದೆ. ಆರು ವರ್ಷದವಳಿದ್ದಾಗಿನಿಂದ ಆ ಕೆಲಸ ನನ್ನದು.

ನಾನು ಹೇಳಹೊರಟಿರುವುದು ನನ್ನ ಪಿಎಚ್‌ಡಿಯ ನಾಲ್ಕನೆಯ ವರ್ಷದ ಮಳೆಗಾಲ. ಪವಾಯಿಯ ಒಂದು ಸಣ್ಣ ಪ್ರಯೋಗಾಲಯದಲ್ಲಿದ್ದೆ. ಪವಾಯಿ ಎಂದೊಡನೆ ಎಲ್ಲರಿಗೂ ಕೆರೆಯ ದಂಡೆಯ ದೊಡ್ಡ ಎಂಜಿನಿಯರಿಂಗ್ ಸಂಸ್ಥೆ ನೆನಪಾಗುತ್ತದೆ, ನಮ್ಮದು ಅದಲ್ಲ. ಅಪ್ಪ ಮಾತ್ರ ಗಿರಾಕಿಗಳ ಮುಂದೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳುತ್ತಿರಲಿಲ್ಲ. ನಮ್ಮದು ಐದಾರು ಜನರ ಜಾಗ, ತಿಂಗಳಿಗೆ ಎರಡು ಸಲ ಸೋರುವ ಚಾವಣಿ, ಅದರ ಕೆಳಗೆ ಪ್ಲಾಸ್ಟಿಕ್ ಹೊದ್ದ ಒಂದು ಉಕ್ಕಿನ ಪೆಟ್ಟಿಗೆ. ಆ ಪೆಟ್ಟಿಗೆಯೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆದು, ಝೆನಾನ್ ಎಂಬ ಅನಿಲದ ಪರಮಾಣುಗಳನ್ನು ಸಣ್ಣ ಧಾರೆಯಾಗಿ ಬಿಟ್ಟು, ಅವುಗಳಿಗೆ ಎಲೆಕ್ಟ್ರಾನುಗಳನ್ನು ಹೊಡೆಯುವುದು ನನ್ನ ಕೆಲಸ. ಒಂದು ಎಲೆಕ್ಟ್ರಾನ್ ಹೋಗಿ ಪರಮಾಣುವಿಗೆ ಬಡಿದರೆ ಒಳಗಿನಿಂದ ಇನ್ನೊಂದು ಹಾರಿ ಹೊರಗೆ ಬರುತ್ತದೆ. ಹೊಡೆದದ್ದು, ಹಾರಿದ್ದು ಎರಡನ್ನೂ ಒಂದೇ ಕ್ಷಣದಲ್ಲಿ ಎರಡು ಕಡೆ ಹಿಡಿಯಬೇಕು. ಇಡೀ ದಿನ ಕಾದರೆ ಅಂಥ ಜೋಡಿಗಳು ಕೆಲವೇ ಸಿಗುತ್ತವೆ.

ಇದರಲ್ಲಿ ಸ್ಪಿನ್ ಎಂಬುದೊಂದು ಇದೆ. ಎಲೆಕ್ಟ್ರಾನು ಬುಗುರಿಯಂತೆ ತಿರುಗುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಡುತ್ತಾರೆ. ನಿಜವಾಗಿ ತಿರುಗುವುದೂ ಇಲ್ಲ, ಗಿರಗಿರ ಅನ್ನುವುದೂ ಇಲ್ಲ. ಕೇಳಿದಾಗಲೆಲ್ಲ 'ಮೇಲೆ' ಅಥವಾ 'ಕೆಳಗೆ' ಎಂದು ಎರಡೇ ಉತ್ತರ ಕೊಡುವ ಒಂದು ಗುಣ ಅದು. ನಾವು ಒಂದು ವಿಶೇಷ ಲೇಸರ್ ಬೆಳಕಿನಿಂದ ಮೇಲ್ಮುಖದವು ಹೆಚ್ಚು, ಅಥವಾ ಕೆಳಮುಖದವು ಹೆಚ್ಚು ಇರುವಂತೆ ಎಲೆಕ್ಟ್ರಾನುಗಳನ್ನು ಆರಿಸಿ ಕಳಿಸುತ್ತಿದ್ದೆವು. ಹೊಡೆಯುವುದರ ಸ್ಪಿನ್ ಮೇಲಿದ್ದಾಗ ಜೋಡಿಗಳು ಎಷ್ಟು, ಕೆಳಗಿದ್ದಾಗ ಎಷ್ಟು ಎಂಬ ಆ ಸಣ್ಣ ಅಂತರವನ್ನು ಹಿಡಿಯಬೇಕಿತ್ತು. ಅದೇ ನನ್ನ ಥೀಸಿಸ್ಸು.

ಇದಕ್ಕೆ ನನ್ನಂಥವಳ ಮನಸ್ಸಿಗೆ ಒಪ್ಪುವ ಒಂದು ಪರೀಕ್ಷೆಯಿತ್ತು. ಮೇಲ್ಮುಖ ಸ್ಪಿನ್ ಇಟ್ಟು ಎಡಗಡೆ ಎಣಿಸಿದ್ದೂ ಕೆಳಮುಖ ಇಟ್ಟು ಬಲಗಡೆ ಎಣಿಸಿದ್ದೂ ಒಂದೇ ಬರಬೇಕು. ಪರಮಾಣುವಿಗೆ ಎಡ ಬಲ ಎಂಬುದಿಲ್ಲ. ಎರಡೂ ತಾಳೆಯಾದರೆ ನಾವು ನೋಡುತ್ತಿರುವುದು ಪರಮಾಣುವಿನ ನಡತೆ, ತಾಳೆಯಾಗದಿದ್ದರೆ ನಮ್ಮ ಯಂತ್ರದ ಕಳ್ಳತನ. ನಮ್ಮ ಎಲೆಕ್ಟ್ರಾನುಗಳು ಬಹಳ ನಿಧಾನದವು, ಚೂರು ಕಾಂತತ್ವವಿದ್ದರೂ ದಾರಿ ತಪ್ಪುತ್ತವೆ. ಆದ್ದರಿಂದ ಯಂತ್ರದ ಹತ್ತಿರ ಹೋಗುವ ಮುನ್ನ ಕೂದಲ ಪಿನ್ನು, ಬೆಲ್ಟು, ಫೋನು ಎಲ್ಲವನ್ನೂ ಹೊರಗಿನ ಡಬ್ಬಿಯಲ್ಲಿ ಬಿಚ್ಚಿಡಬೇಕಿತ್ತು. ಹಾಗೆ ಬಿಚ್ಚಿಡಿಸುವವಳು ನಾನೇ, ಗೈಡ್ ಸರ್ ಅವರ ಕೈಗಡಿಯಾರವನ್ನೂ ಬಿಟ್ಟವಳಲ್ಲ.

ಆ ವರ್ಷ ಮೇ ತಿಂಗಳ ಕೊನೆಗೆ ಎಲೆಕ್ಟ್ರಾನುಗಳು ಹಾದುಹೋಗುವ ದಾರಿಗೆ ಅಯಸ್ಕಾಂತಕ್ಕೆ ಅಂಟದ ಜಾತಿಯ ಉಕ್ಕಿನ ಬಿಲ್ಲೆಗಳು ಹೊಸದಾಗಿ ಬೇಕಾದವು. ನಡುವೆ ಸೂಜಿಯ ತೂತು, ಅಂಚು ಬಾಗಿಸಿದ್ದು, ಹನ್ನೆರಡು ಬಿಲ್ಲೆ, ಮೇಲೆ ಎರಡು ಹೆಚ್ಚುವರಿ. ಕೆಲಸ ಹೋದದ್ದು ಜೋಗೇಶ್ವರಿಯ ದಸ್ತಗೀರ್ ಚಾಚಾಗೆ. ಅವರು ಸಿಂದಗಿ ಕಡೆಯವರು, ಮನೆಯಲ್ಲಿ ದಖನಿ ಉರ್ದು, ನನ್ನೊಡನೆ ಕನ್ನಡ, ಪಕ್ಕದವರೊಡನೆ ಹಿಂದಿ ಮರಾಠಿ ಎಲ್ಲ. ನಮ್ಮಲ್ಲಿ ಹತ್ತು ವರ್ಷದಿಂದ ಕೆಲಸ ಮಾಡಿಕೊಟ್ಟವರು. ನಾನು ಇಳಕಲ್ಲಿನವರ ಮಗಳೆಂದು ತಿಳಿದ ದಿನದಿಂದ 'ಮೇಡಂ' ಹೋಗಿ 'ತಂಗಿ' ಆಗಿತ್ತು. ನಾನು ಅದಕ್ಕೂ ಅನುಮಾನಪಟ್ಟೆ. ಊರಿನ ಹೆಸರು ಹೇಳಿಕೊಂಡು ಹತ್ತಿರ ಬರುವವರು ಕೆಲಸ ಕೆಟ್ಟಾಗ ಅದನ್ನೇ ಅಡ್ಡ ಹಿಡಿಯುತ್ತಾರೆ ಎಂದು ಅಪ್ಪ ಹೇಳುತ್ತಿದ್ದರು.

ಬಿಲ್ಲೆ ತರಲು ಹೋದ ದಿನ ಮೊದಲ ಮಳೆ. ಗಲ್ಲಿಯಲ್ಲಿ ಪಾದ ಮುಳುಗುವಷ್ಟು ಕರಿ ನೀರು. ಕಾಂತತ್ವ ಅಳೆಯುವ ನಮ್ಮ ಉಪಕರಣ ರಿಪೇರಿಗೆ ಹೋಗಿತ್ತು, ಹಾಗಾಗಿ ನಾನು ಬೆಳಿಗ್ಗೆಯೇ ಅಪ್ಪನ ಅಯಸ್ಕಾಂತವನ್ನು ಟಿಫಿನ್ ಬ್ಯಾಗಿನಲ್ಲಿ ಹಾಕಿಕೊಂಡಿದ್ದೆ. ಚಾಚಾ ಬಿಲ್ಲೆಗಳನ್ನು ಟಿಶ್ಯೂ ಕಾಗದದ ಮೇಲೆ ಸಾಲಾಗಿ ಇಟ್ಟು, ಮೈಕ್ರೊಮೀಟರಿನಲ್ಲಿ ಒಂದೊಂದನ್ನೂ ಅಳೆದು ತೋರಿಸಿದರು. ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಅರ್ಧ ಗ್ಲಾಸಿನ ಕಟಿಂಗ್ ಚಹಾ ಬಂತು. ನಾನು ಚಹಾ ಪಕ್ಕಕ್ಕಿಟ್ಟು ಅಯಸ್ಕಾಂತ ತೆಗೆದು ಮೊದಲ ಬಿಲ್ಲೆಗೆ ಮುಟ್ಟಿಸಿದೆ. ನಡುವೆ ಅಂಟಲಿಲ್ಲ. ಬಾಗಿಸಿದ ಅಂಚಿಗೆ ಬಂದಾಗ ಬಿಲ್ಲೆ ಸಣ್ಣಗೆ ಕದಲಿ ಅಯಸ್ಕಾಂತದ ಕಡೆ ವಾಲಿತು.

ಚಾಚಾ ಅವರ ಮುಖ ಬದಲಾಯಿತು. ಕೈ ಅಡ್ಡ ತಂದರು.

"ತಂಗಿ, ಅದನ್ನ ಮುಟ್ಟಿಸಬ್ಯಾಡವಾ. ಕೊರದಲ್ಲಿ, ಬಾಗಿಸಿದಲ್ಲಿ ಈ ಉಕ್ಕಿನ ಗುಣ ಚೂರು ಬದಲಾಗಿರ್ತದ. ಹಂಗ ಬಿಟ್ರ ಏನೂ ಮಾಡಂಗಿಲ್ಲ. ನೀ ಚುಂಬಕ ಹಚ್ಚಿದಿ ಅಂದ್ರ ಅದು ಅಲ್ಲೇ ಹಿಡಕೊಂಡು ಕುಂದರ್ತದ. ಬೇಕಂದ್ರ ಒಮ್ಮೆ ಭಟ್ಟಿಗೆ ಹಾಕಿ ಕಾಸಿ ಕೊಡ್ತೀನಿ, ಎಂಟು ದಿನ ತಡೀ."

ನಾನು ಅಂಗಡಿಯಲ್ಲಿ ಬೆಳೆದವಳು. ಪರೀಕ್ಷೆ ಬೇಡ ಎನ್ನುವ ವ್ಯಾಪಾರಿಯನ್ನು ನೋಡಿದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಎಂಟು ದಿನ ಎಂದರೆ ಮಾಲು ಬದಲಾಯಿಸಲು ಬೇಕಾದ ಸಮಯ ಎಂದು ಲೆಕ್ಕ ಹಾಕಿದೆ. ಬೇಡವೆಂದು ಹೇಳಿ ಹನ್ನೆರಡಕ್ಕೂ, ಒಂದೊಂದರ ಅಂಚಿನ ಸುತ್ತ, ಅಪ್ಪ ಕಲಿಸಿದ ಹಾಗೆ ತಿಕ್ಕಿ ತಿಕ್ಕಿ ಮುಟ್ಟಿಸಿದೆ. ಎಲ್ಲವೂ ಅಷ್ಟಿಷ್ಟು ವಾಲಿದವು. ಹೆಚ್ಚುವರಿ ಎರಡು ಬೇರೆ ಪೊಟ್ಟಣದಲ್ಲಿ ಅಂಟು ಹಾಕಿ ಮುಚ್ಚಿದ್ದವು, ಅಷ್ಟರಲ್ಲಿ ಮಳೆ ಜೋರಾಗಿ ನಾನು ಅದನ್ನು ಬಿಚ್ಚದೆ ಹಾಗೇ ಬ್ಯಾಗಿಗೆ ಹಾಕಿದೆ. ಚಹಾ ತಣ್ಣಗಾಗಿತ್ತು, ಕುಡಿಯದೆ ಬಸ್ಸು ಹಿಡಿದೆ.

ಗೈಡ್ ಸರ್ ಅಂಚು ಅಯಸ್ಕಾಂತಕ್ಕೆ ವಾಲುತ್ತದೆಂಬ ನನ್ನ ಮಾತು ಕೇಳಿ, ಇಷ್ಟು ಸಣ್ಣದಕ್ಕೆ ಏನೂ ಆಗದು, ಜೋಡಿಸು ಎಂದರು. ಜೋಡಿಸಿದೆ. ಜೂನ್ ಹೋಯಿತು, ಜುಲೈ ಹೋಯಿತು. ಎಡ ಬಲ ತಾಳೆಯಾಗಲೇ ಇಲ್ಲ. ಎಡಗಡೆ ಸ್ಪಿನ್ನಿನ ಅಂತರ ಪುಸ್ತಕದಲ್ಲಿದ್ದ ಹಾಗೆ ಬರುತ್ತಿತ್ತು, ಬಲಗಡೆ ಮಾಯ. ಹೊರಗೆ ಮಳೆ ಹೊಡೆಯುತ್ತಲೇ ಇತ್ತು. ಲಿಂಕ್ ರೋಡಿನಲ್ಲಿ ಬಸ್ಸು ನಿಂತಲ್ಲೇ ನಿಲ್ಲುತ್ತಿತ್ತು, ನಾನು ಕಿಟಕಿಗೆ ತಲೆಯಾನಿಸಿ ಅನುಮಾನಗಳ ಪಟ್ಟಿ ಮಾಡುತ್ತಿದ್ದೆ. ಲೇಸರು ಅಲುಗುತ್ತಿದೆಯೇ? ಪಕ್ಕದ ಕೋಣೆಯವರು ನಮ್ಮ ಕರೆಂಟಿಗೆ ದೊಡ್ಡ ಮೋಟರು ಹಚ್ಚಿದ್ದಾರೆಯೇ? ಗೈಡ್ ಸರ್ ತಮ್ಮ ಹಳೆಯ ಲೆಕ್ಕ ತಪ್ಪೆಂದು ಗೊತ್ತಿದ್ದೂ ಸುಮ್ಮನಿದ್ದಾರೆಯೇ? ಒಂದೊಂದನ್ನೇ ಪರೀಕ್ಷಿಸಿ ಗೆರೆ ಎಳೆದೆ. ಕೊನೆಗೆ ಉಳಿದದ್ದು, ಮೊದಲ ದಿನವೇ ಮನಸ್ಸಿನಲ್ಲಿದ್ದ ಒಂದೇ ಹೆಸರು.

ಆಗಸ್ಟಿನಲ್ಲಿ ಉಪಕರಣ ರಿಪೇರಿಯಾಗಿ ಬಂತು. ಪೆಟ್ಟಿಗೆ ಬಿಚ್ಚಿ ಅಳೆದರೆ, ಬಿಲ್ಲೆಗಳ ಸುತ್ತ ಇರಬಾರದಷ್ಟು ಕಾಂತತ್ವ. ಸುಳ್ಳು ಯಾಕೆ ಹೇಳಲಿ, ನನಗೆ ಆಗ ದುಃಖಕ್ಕಿಂತ ಸಂತೋಷವೇ ಹೆಚ್ಚಾಯಿತು. ನಾನು ಹೇಳಿದ್ದೇ ನಿಜವಾಗಿತ್ತು. ಅದೇ ಮಧ್ಯಾಹ್ನ ಖರೀದಿ ವಿಭಾಗಕ್ಕೆ ಕಾಗದ ಬರೆದೆ: ಕೇಳಿದ ಜಾತಿಯ ಉಕ್ಕು ಕೊಡದೆ ಕಳಪೆ ಮಾಲು ಹಾಕಿದ್ದಾರೆ, ಒಂದು ಋತುವಿನ ಕೆಲಸ ಹಾಳಾಗಿದೆ. ಗೈಡ್ ಸರ್ ಸಹಿ ಹಾಕುವ ಮುನ್ನ ಕನ್ನಡಕ ತೆಗೆದು, ಖಾತ್ರಿಯಿದೆಯಾ ಎಂದು ಕೇಳಿದರು. ಚಾಚಾ ಮುಂದೆಯೇ ಪರೀಕ್ಷೆ ಮಾಡಿದ್ದೆ, ಬೇಡವೆಂದು ಕೈ ಅಡ್ಡ ತಂದಿದ್ದರು ಎಂದೆ. ವಾರದೊಳಗೆ ನಮಗೆ ಕೆಲಸ ಮಾಡಿಕೊಡುವವರ ಪಟ್ಟಿಯಿಂದ ದಸ್ತಗೀರ್ ಚಾಚಾ ಹೆಸರು ಹೋಯಿತು. ಅವರ ಕೈಯಲ್ಲಿದ್ದ ಉಳಿದ ಡ್ರಾಯಿಂಗುಗಳನ್ನು ಆಫೀಸಿನವರು ಹೋಗಿ ವಾಪಸ್ ತಂದು, ಅದೇ ಗಲ್ಲಿಯ ಬೇರೊಬ್ಬರಿಗೆ ಕೊಟ್ಟರು. ಯಾಕೆಂದು ಕೇಳಿದವರಿಗೆಲ್ಲ ಕಾರಣವನ್ನೂ ಹೇಳಿ ಬಂದರು.

ನಾಲ್ಕನೆಯ ದಿನ ಚಾಚಾ ಗೇಟಿಗೆ ಬಂದರು. ಸೆಕ್ಯೂರಿಟಿಯವರು ಫೋನು ಮಾಡಿದಾಗ ನಾನು ಕಿಟಕಿಯಿಂದ ನೋಡಿದೆ. ಬಿಳಿ ಶರ್ಟು, ಕೊಡೆ, ಎದೆಗೆ ಒತ್ತಿಕೊಂಡ ಪ್ಲಾಸ್ಟಿಕ್ ಕವರು. ನಾನು ಬಿಜಿ ಇದ್ದೇನೆಂದು ಹೇಳಿಸಿದೆ. ಅವರು ಒಂದು ಗಂಟೆ ನಿಂತು, ಕವರನ್ನು ಗೇಟಿನಲ್ಲಿ ಕೊಟ್ಟು ಹೋದರು. ಒಳಗೆ ಉಕ್ಕು ಮಾರಿದವರ ಸರ್ಟಿಫಿಕೇಟು, ಮಿಕ್ಕ ಉಕ್ಕಿನ ಒಂದು ತುಂಡು. ಸರ್ಟಿಫಿಕೇಟನ್ನು ಯಾವ ಜೆರಾಕ್ಸ್ ಅಂಗಡಿಯಲ್ಲಾದರೂ ಮಾಡಿಸಬಹುದು ಎಂದುಕೊಂಡೆ. ತುಂಡನ್ನು ಮಾತ್ರ ಗೈಡ್ ಸರ್ ಪರೀಕ್ಷೆಗೆ ಕಳಿಸಿದರು, ಜೊತೆಗೆ ನಮ್ಮ ಒಂದು ಬಿಲ್ಲೆಯನ್ನೂ.

ಉತ್ತರ ಬರಲು ಮೂರು ವಾರ ಹಿಡಿಯಿತು. ಎರಡೂ ಒಂದೇ ಉಕ್ಕು. ನಾವು ಡ್ರಾಯಿಂಗಿನಲ್ಲಿ ಬರೆದ ಜಾತಿಯೇ, ಒಂದಿಷ್ಟೂ ಕಲಬೆರಕೆಯಿಲ್ಲ. ನಾನು ಪರೀಕ್ಷೆ ಮಾಡಿದವರನ್ನೂ ಅನುಮಾನಿಸಿದೆ. ಅವರು ಸಿಂದಗಿ ಕಡೆಯವರೇನಾದರೂ ಇರಬಹುದೇ ಎಂದು ಸಹಿ ನೋಡಿದೆ, ಮಧುರೆ ಕಡೆಯ ತಮಿಳು ಹೆಸರಿತ್ತು. ಆಗ ಡ್ರಾಯರಿನಲ್ಲಿದ್ದ ಹೆಚ್ಚುವರಿ ಪೊಟ್ಟಣ ನೆನಪಾಯಿತು. ಅದೇ ಕೈ, ಅದೇ ಉಕ್ಕು, ಅದೇ ದಿನ ಮಾಡಿದ್ದು. ಅದರಲ್ಲೂ ಅಷ್ಟೇ ಕಾಂತತ್ವ ಸಿಕ್ಕರೆ ನನ್ನ ಕಾಗದ ನಿಲ್ಲುತ್ತದೆ ಎಂಬ ಆಸೆಯಿಂದಲೇ ಅಂಟು ಕಿತ್ತೆ.

ಉಪಕರಣದ ಅಂಕಿ ಕದಲಲಿಲ್ಲ. ಎರಡನೆಯದಕ್ಕೆ ಹಿಡಿದೆ, ಅದೂ ಹಾಗೆಯೇ. ಹಳೆಯ ಹನ್ನೆರಡರಲ್ಲಿ ಒಂದನ್ನು ಹಿಡಿದೆ, ಅಂಕಿ ಜಿಗಿಯಿತು. ಏನು ವ್ಯತ್ಯಾಸ? ಹನ್ನೆರಡಕ್ಕೆ ಆಗಿದ್ದು ಈ ಎರಡಕ್ಕೆ ಆಗದಿದ್ದದ್ದು ಏನು? ಉತ್ತರ ಮೊದಲ ಮಳೆಯ ದಿನದ ನನ್ನ ಟಿಫಿನ್ ಬ್ಯಾಗಿನಲ್ಲಿತ್ತು. ಮರುದಿನ ಅಪ್ಪನ ಅಯಸ್ಕಾಂತವನ್ನು ಮತ್ತೆ ತಂದು, ಯಂತ್ರದಿಂದ ದೂರ ಅಂಗಳದಲ್ಲಿ ನಿಂತು, ಹೊಸ ಬಿಲ್ಲೆಯೊಂದರ ಅಂಚಿಗೆ ಅವತ್ತಿನ ಹಾಗೆಯೇ ತಿಕ್ಕಿದೆ. ಒಳಗೆ ಬಂದು ಅಳೆದೆ. ಅಂಕಿ ಜಿಗಿಯಿತು.

ಕೊರೆದು ಬಾಗಿಸಿದ ಅಂಚಿನಲ್ಲಿ ಉಕ್ಕು ಕಾಂತತ್ವ ಹಿಡಿದಿಟ್ಟುಕೊಳ್ಳುವ ಹಾಗೆ ಬದಲಾಗಿರುತ್ತದೆ. ಆದರೆ ಹಿಡಿಯಲು ಯಾರಾದರೂ ಕೊಡಬೇಕು. ಕೊಟ್ಟವಳು ನಾನು. ಸ್ಪಿನ್ನು, ಪರಮಾಣು ಎಂದು ಮಾತಾಡುವ ನನಗೆ ಇಷ್ಟು ತಿಳಿದಿರಲಿಲ್ಲವೇ? ತಿಳಿದಿತ್ತು. ಗೈಡ್ ಸರ್ ಕೈಗಡಿಯಾರ ಬಿಚ್ಚಿಸಿದವಳು ನಾನೇ ಅಲ್ಲವೇ. ಆದರೆ ಆ ಗಲ್ಲಿಯಲ್ಲಿ, ವ್ಯಾಪಾರಿಯೊಬ್ಬರ ಎದುರಿನಲ್ಲಿ, ನಾನು ಭೌತವಿಜ್ಞಾನದವಳಾಗಿರಲಿಲ್ಲ, ದಹಿಸರಿನ ಅಂಗಡಿಯವಳಾಗಿದ್ದೆ. ಚಾಚಾ ಹೇಳಿದ್ದು ಅಕ್ಷರಶಃ ಸರಿಯಾಗಿತ್ತು, ನಾನು ಅದನ್ನೇ ಅವರ ವಿರುದ್ಧ ಸಾಕ್ಷಿ ಮಾಡಿಕೊಂಡಿದ್ದೆ. ಸ್ಟೂಲಿನ ಮೇಲೆ ಕುಳಿತೆ. ಅಳು ಬಂತು, ಯಂತ್ರಕ್ಕಾಗಿ ಅಲ್ಲ.

ಗೈಡ್ ಸರ್ ಬಯ್ಯಲಿಲ್ಲ. ಎರಡು ತಿಂಗಳ ಅಂಕಿಗಳನ್ನೆಲ್ಲ ಎಸೆಯಬೇಕು, ಥೀಸಿಸ್ಸು ಒಂದು ವರ್ಷ ಹಿಂದೆ ಬೀಳುತ್ತದೆ ಎಂದಷ್ಟೇ ಹೇಳಿದರು. ಆಫೀಸಿಗೆ ಬರೆಯುವಾಗ 'ತಾಂತ್ರಿಕ ದೋಷ' ಎಂದು ಬರೆದರೆ ಸಾಕು ಎಂದೂ ಹೇಳಿದರು. ನಾನು ನನ್ನ ಹೆಸರನ್ನೇ ಬರೆದೆ: ಮಾಲು ಸರಿಯಾಗಿತ್ತು, ಮಾಡಿಕೊಟ್ಟವರು ಎಚ್ಚರಿಸಿದ್ದರು, ನಾನು ಅಯಸ್ಕಾಂತ ಮುಟ್ಟಿಸಿ ಕೆಡಿಸಿದೆ. ಚಾಚಾ ಹೆಸರು ಮತ್ತೆ ಪಟ್ಟಿಗೆ ಸೇರಿತು. ಬಿಲ್ಲೆಗಳನ್ನು ನಮ್ಮ ಭಟ್ಟಿಯಲ್ಲಿಯೇ ಕಾಸಿ, ಹಿಡಿದ ಕಾಂತತ್ವ ಕಳೆದು ಜೋಡಿಸಿದೆವು. ಎಡವೂ ಬಲವೂ ಮುಂದೆ ತಾಳೆಯಾದವು, ಸ್ಪಿನ್ನಿನ ಅಂತರ ಎರಡೂ ಕಡೆ ಬಂತು. ಥೀಸಿಸ್ಸಿನಲ್ಲಿ ಅದಕ್ಕೆ ಒಂದು ಪುಟ.

ಅಕ್ಟೋಬರಿನ ಬಿಸಿಲಿನಲ್ಲಿ ಎರಡನೆಯ ಕಾಗದದ ಪ್ರತಿ ಹಿಡಿದು ಜೋಗೇಶ್ವರಿಗೆ ಹೋದೆ. ದಸ್ತಗೀರ್ ಚಾಚಾ ಲೇತ್ ಮುಂದಿದ್ದರು. ಅವರ ಪಕ್ಕದಲ್ಲಿ ಅದೇ ಗಲ್ಲಿಯ ವ್ಯಾಪಾರಿಯೊಬ್ಬರು ಕೈ ಕಟ್ಟಿ ನಿಂತು, ಚಾಚಾ ಕೈಯಲ್ಲಿದ್ದ ಸರಳನ್ನೇ ನೋಡುತ್ತಿದ್ದರು. ಅವರು ತಮ್ಮ ಉಕ್ಕನ್ನು ತಾವೇ ಹೊತ್ತು ತಂದಿದ್ದರು. ಕೆಲಸ ಮುಗಿದ ಮೇಲೆ ಬಿದ್ದ ಸುರುಳಿ ಚೂರುಗಳನ್ನೂ ಗೋಣಿಗೆ ತುಂಬಿಸಿಕೊಂಡು ಹೋದರು. ಮೊದಲು ಜನ ಡ್ರಾಯಿಂಗು ಎಸೆದು ಹೋಗಿ ನಾಲ್ಕು ದಿನ ಬಿಟ್ಟು ಬರುತ್ತಿದ್ದ ಜಾಗ ಅದು.

ನಾನು ಕ್ಷಮೆ ಕೇಳಿದೆ. ಚಾಚಾ ಎಣ್ಣೆ ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು, ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಸಿಟ್ಟಿನ ಮಾತು ಬಂದೀತೆಂದು ಕಾದೆ, ಬರಲಿಲ್ಲ. ಅದು ಬಂದಿದ್ದರೆ ನನಗೆ ಹಗುರಾಗುತ್ತಿತ್ತು.

"ಆಫೀಸಿನೋರು ಫೋನ್ ಮಾಡಿದ್ರು ಮೇಡಂ, ಹೆಸರು ಹಾಕೇವಿ ಅಂದ್ರು. ಛಲೋ ಆತು. ಆದ್ರ ಈ ಗಲ್ಲಿಯವ್ರು ಆಫೀಸಿನ ಕಾಗದ ಓದಂಗಿಲ್ಲ. ನಾ ಉಕ್ಕು ಬದಲ ಮಾಡ್ತೀನಿ ಅಂತ ಇವ್ರಿಗೆ ಗೊತ್ತಾಗಿ ಎರಡು ತಿಂಗಳಾತು. ಮೂವತ್ತು ವರ್ಷ ಇವರ ಮಾಲು ನನ್ನ ಕಡೆ ಬಿದ್ದಿರ್ತಿತ್ತು, ಒಬ್ರೂ ಕೇಳಿದ್ದಿಲ್ಲ. ಈಗ ಎಲ್ಲಾರೂ ನಿಂತು ನೋಡ್ತಾರ."

ಹಾಗಾದರೆ ನಾನೇ ಹೇಳುತ್ತೇನೆ ಎಂದೆ. ಅವರು ಕಾಗದವನ್ನು ಮಡಿಸಿ ನನ್ನ ಕೈಗೆ ವಾಪಸ್ ಕೊಟ್ಟರು. ನಾನು ಕಾಗದ ಹಿಡಿದು ಗಲ್ಲಿಗಿಳಿದೆ. ಪಾಲಿಶಿನವರ ಹತ್ತಿರ ಹಿಂದಿಯಲ್ಲಿ, ಅಚ್ಚಿನ ಡೈ ಮಾಡುವವರ ಹತ್ತಿರ ಮರಾಠಿಯಲ್ಲಿ, ಚಹಾದ ಗಾಡಿಯ ಹತ್ತಿರ ನಿಂತ ಐದಾರು ಜನರಿಗೆ ಒಟ್ಟಿಗೆ, ಮೊದಲಿನಿಂದ ಕೊನೆಯವರೆಗೆ ಹೇಳಿದೆ. ತಪ್ಪು ನನ್ನದು, ಮಾಲು ಅಸಲಿ, ದಸ್ತಗೀರ್ ಚಾಚಾ ಮೋಸ ಮಾಡಿಲ್ಲ. ಪವಾಯಿಯಿಂದ ಬಂದ ಮೇಡಂ ಬಿಸಿಲಲ್ಲಿ ನಿಂತು ತನ್ನನ್ನು ತಾನೇ ಬಯ್ದುಕೊಳ್ಳುವುದನ್ನು ಅವರು ಮರ್ಯಾದೆಯಿಂದ ಕೇಳಿದರು, ತಲೆಯಾಡಿಸಿದರು. ನನ್ನ ಎದೆಯ ಭಾರ ಅಂಗಡಿಯಿಂದ ಅಂಗಡಿಗೆ ಇಳಿಯುತ್ತ ಬಂದಂತೆ ಅನ್ನಿಸಿತು.

ಕೊನೆಯದು ಮಹಾದೇವಪ್ಪನವರ ವೆಲ್ಡಿಂಗ್ ಅಂಗಡಿ, ಚಾಚಾ ಶಟರಿನ ನೇರ ಎದುರಿಗೆ. ಅಫಜಲಪುರದ ಕಡೆಯವರು, ವಯಸ್ಸಾದವರು. ವೆಲ್ಡಿಂಗ್ ನಿಲ್ಲಿಸಿ, ಕಣ್ಣಿನ ಕಪ್ಪು ಗಾಜನ್ನು ಹಣೆಗೇರಿಸಿ, ನನ್ನ ಮಾತನ್ನೆಲ್ಲ ಒಂದೂ ಬಿಡದೆ ಕೇಳಿದರು. ಕಾಗದವನ್ನೂ ಇಸಿದುಕೊಂಡು ತಿರುವಿ ಸೀಲು ನೋಡಿದರು. ಆಮೇಲೆ ಬಹಳ ಮೆತ್ತಗೆ, ನನ್ನ ಮೇಲೆ ಕನಿಕರವಿದ್ದವರ ಹಾಗೆ ಕೇಳಿದರು.

"ಎಲ್ಲಾ ಖರೇನ ಇರಬೇಕ್ರಿ ಮೇಡಂ. ಇಷ್ಟೆಲ್ಲಾ ಬಂದು ಹೇಳಾಕ ದಸ್ತಗೀರಪ್ಪ ನಿಮಗ ಏನ್ ಕೊಟ್ಟಾನ?"

ಎದುರಿನ ಶಟರಿನಲ್ಲಿ ಚಾಚಾ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, ಒಳಗೆ ಹೋಗಿ ಲೇತ್ ಚಾಲೂ ಮಾಡಿದರು. ಮಹಾದೇವಪ್ಪನವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಅದನ್ನೇ ಕೇಳುತ್ತಿದ್ದೆ.